ವೈರ್‌ಲೆಸ್ ಕೇಳುವ ಮಕ್ಕಳನ್ನು ಹ್ಯಾಮ್ ಪರೀಕ್ಷೆಗೆ ಕೂರಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ಈ ಅಂಕಣದಲ್ಲಿ ಓದುಗರೊಬ್ಬರ ಪತ್ರ ಓದಿದೆ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಮೊಬೈಲಿನಲ್ಲಿ ಅಮೆರಿಕದ ಪೊಲೀಸರ, ಅಗ್ನಿಶಾಮಕದವರ ವೈರ್‌ಲೆಸ್ ಮಾತು ಕೇಳುತ್ತಾ ಕೂರುತ್ತಾರೆ. ಕೆಲವರು ಆನ್‌ಲೈನಿನಲ್ಲಿ ವಾಕಿಟಾಕಿ ತರಿಸಿ ನಮ್ಮ ಪೊಲೀಸರ ಮಾತಿಗೂ ಕಿವಿ ಹಚ್ಚಲು ನೋಡುತ್ತಾರೆ. ಇದು ಇನ್ನೊಬ್ಬರ ಕಷ್ಟದಲ್ಲಿ ಮಜಾ ತಗೊಳ್ಳುವ ಚಟ, ಎರಡು ಬಾರಿಸಿದರೆ ಬಿಟ್ಟುಹೋಗುತ್ತದೆ ಅಂತ ಅವರು ಬರೆದಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಎರಡು ಬೇರೆ ಸಂಗತಿಗಳನ್ನು ಅವರು ಒಂದೇ ಗಂಟಿಗೆ ಕಟ್ಟಿದ್ದಾರೆ. ಅದನ್ನು ಬಿಡಿಸಿ ಹೇಳದಿದ್ದರೆ ಒಳ್ಳೆಯ ಮಕ್ಕಳಿಗೆ ಸುಮ್ನೆ ಏಟು ಬೀಳುತ್ತದೆ. ಹೊಡೆಯುವ ಬದಲು ಅವರನ್ನು ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ವೈರ್‌ಲೆಸ್, ಪರೀಕ್ಷೆಗೆ ಕೂರಿಸಿ ಅನ್ನುವುದು ನನ್ನ ಮಾತು. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಪೊಲೀಸ್ ಇಲಾಖೆಯ ವೈರ್‌ಲೆಸ್‌ನಲ್ಲಿ ದುಡಿದು ನಿವೃತ್ತನಾದವನು. ಸರ್ವಿಸಿನ ಹೆಚ್ಚಿನ ಕಾಲ ರಾಯಚೂರು ಜಿಲ್ಲೆಯಲ್ಲೇ ಕಳೆಯಿತು. ಸೆಟ್ಟಿನ ಮುಂದೆ ಕೂತು ಲಾಗ್ ಬುಕ್ ಬರೆಯುತ್ತಾ ರಾತ್ರಿ ಪಾಳಿ ಮಾಡಿದ್ದೇನೆ. ಸೇರಿದ ಹೊಸತರಲ್ಲಿ ಮಾರ್ಸ್ ಕೋಡ್, ಅಂದರೆ ಚುಕ್ಕೆ-ಗೆರೆಯ ಸದ್ದಿನ ಸಂಕೇತ, ಕಲಿಸಿದ್ದರು. ಕೀ ಬಡಿದು ಜಿಲ್ಲೆಯಿಂದ ಜಿಲ್ಲೆಗೆ ಸಂದೇಶ ಕಳಿಸುತ್ತಿದ್ದೆವು. ಆಮೇಲೆ ಮಾತಾಡುವ ಸೆಟ್ಟುಗಳೇ ಎಲ್ಲ ಕೆಲಸ ಮಾಡತೊಡಗಿದವು. ಹಾಗಾಗಿ ಈ ವಿಷಯದಲ್ಲಿ ನಾನು ಮಾತಾಡಬಹುದು ಅಂದುಕೊಂಡಿದ್ದೇನೆ.

ನಮ್ಮ ಓಣಿಯಲ್ಲಿ ಮೂವರು ಮಕ್ಕಳಿಗೆ ಈ ಹವ್ಯಾಸ ಅಂಟಿಕೊಂಡಿದೆ. ಎದುರು ಮನೆಯ ಹುಡುಗಿ ಒಂಬತ್ತನೇ ಕ್ಲಾಸು. ಅವಳ ಅಣ್ಣ ಪಿಯುಸಿ ಸೈನ್ಸ್. ಇನ್ನೊಬ್ಬ ಹತ್ತನೇ ಕ್ಲಾಸಿನವನು, ಅವನ ಅಪ್ಪ ಗಂಜಿನಲ್ಲಿ ಹಮಾಲಿ. ಮೂವರ ನಡುವೆ ಇರುವುದು ಒಂದು ಹಳೇ ಮೊಬೈಲು, ಒಂದು ಇಯರ್‌ಫೋನು. ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ಮನೆಯ ಸ್ಕ್ಯಾನರಿಗೆ, ಅಂದರೆ ವೈರ್‌ಲೆಸ್ ಮಾತು ಹಿಡಿಯುವ ಪೆಟ್ಟಿಗೆಗೆ, ಬೀಳುವ ಮಾತನ್ನು ಇಂಟರ್‌ನೆಟ್ಟಿಗೆ ಬಿಡುತ್ತಾರೆ. ಬ್ರಾಡ್‌ಕಾಸ್ಟಿಫೈ ಅನ್ನುವ ತಾಣದಲ್ಲಿ ಅಂಥವು ಸಾವಿರಾರು ಇವೆ. ಈ ಮಕ್ಕಳು ಅದರಲ್ಲಿ ಅಗ್ನಿಶಾಮಕ ದಳದವರದ್ದನ್ನು ಹುಡುಕಿ ಕೇಳುತ್ತಾರೆ. ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ 6 ಗಂಟೆ ಆದಾಗ ಅಲ್ಲಿನ ಪೂರ್ವ ಕರಾವಳಿಯಲ್ಲಿ ಹಿಂದಿನ ದಿನದ ರಾತ್ರಿ 8.30. ಜನ ಮನೆಗೆ ಬಂದು ಅಡುಗೆ ಮಾಡುವ, ಮಲಗಲು ತಯಾರಾಗುವ ಹೊತ್ತು. ಕರೆಗಳು ಜಾಸ್ತಿ.

ಒಂದು ಬೆಳಿಗ್ಗೆ ನಾನೂ ಅವರ ಮಾಳಿಗೆ ಮೇಲೆ ಹೋಗಿ ಕೂತೆ. ಕೇಳಿದ್ದು ಏನು? ಒಬ್ಬರ ಮನೆಯಲ್ಲಿ ಬಾಣಲೆ ಸೀದು ಹೊಗೆ ಅಲಾರಂ ಬಡಿದುಕೊಂಡಿದೆ. ಒಂದು ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ಎತ್ತಿ ಕೂರಿಸಲು ಜನ ಬೇಕು. ಒಂದು ಕಾರು ಕಂಬಕ್ಕೆ ಗುದ್ದಿದೆ, ಯಾರಿಗೂ ಗಾಯ ಇಲ್ಲ. ಮುಕ್ಕಾಲು ಪಾಲು ಇಂಥವೇ. ಆಮೇಲೆ ಒಂದು ನಿಜವಾದ ಬೆಂಕಿ ಬಂತು. ಮೊದಲು ಮುಟ್ಟಿದ ಗಾಡಿಯವನು ಉಸಿರು ಬಿಗಿ ಹಿಡಿಯದೆ ನಿಧಾನವಾಗಿ ಹೇಳಿದ: ಎರಡಂತಸ್ತಿನ ಮರದ ಮನೆ, ಮೇಲಿನ ಕಿಟಕಿಯಿಂದ ಹೊಗೆ, ಮನೆಯವರು ಹೊರಗೆ ಬಂದಿದ್ದಾರೆ, ಇನ್ನು ಇಲ್ಲಿನ ಉಸ್ತುವಾರಿ ನನ್ನದು.

ಹುಡುಗಿ ನನ್ನ ಕಡೆ ತಿರುಗಿ, "ತಾತಾ, ಮನಿ ಉರಿಲಿಕತ್ತೈತಿ, ಇವ ನೀರು ಬಿಡೋದು ಬಿಟ್ಟು ಮಾತಾಡ್ಕೊಂತ ನಿಂತಾನಲ್ರಿ, ಯಾಕ್ರಿ?" ಅಂದಳು.

ಎಂಥ ಪ್ರಶ್ನೆ ನೋಡಿ. ಅವಳಿಗೆ ಹೇಳಿದೆ: ಹಿಂದೆ ಇನ್ನೂ ನಾಲ್ಕು ಗಾಡಿ ಬರುತ್ತಿವೆ. ಅವರಿಗೆ ಕಣ್ಣಿಲ್ಲ. ಇವನ ಬಾಯೇ ಅವರ ಕಣ್ಣು. ಇವನು ಆ ನಾಲ್ಕು ಮಾತು ಹೇಳದೆ ಪೈಪು ಎಳೆದುಕೊಂಡು ಓಡಿದರೆ ಹಿಂದಿನವರು ಬಂದು "ಎಲ್ಲಿ, ಏನು" ಅಂತ ಕೇಳುತ್ತಾ ನಿಲ್ಲಬೇಕಾಗುತ್ತದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ನೋಟ್‌ಬುಕ್ ನಾನು ತಿರುವಿ ನೋಡಿದ್ದೇನೆ. ಹಳೇ ಲೆಕ್ಕದ ಪುಸ್ತಕ. ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಾಳೆ: ಕರೆ ಬಂದ ಹೊತ್ತು, ಗಾಡಿ ಮುಟ್ಟಿದ ಹೊತ್ತು, ಮೊದಲು ಮುಟ್ಟಿದವರು ಕಂಡದ್ದು, ಕೊನೆಗೆ ಏನಾಯಿತು. ಕೊನೆಯ ಕಾಲಂನಲ್ಲಿ ಎಷ್ಟೋ ಕಡೆ "ಗೊತ್ತಾಗಲಿಲ್ಲ" ಅಂತ ಬರೆದಿದ್ದಾಳೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅಂತ ಬರೆಯುವ ಮಗು ಅದು. ನಮ್ಮ ಲಾಗ್ ಬುಕ್ಕಿಗೂ ಇದೇ ಶಿಸ್ತು ಬೇಕಿತ್ತು. ಹೊಸಬರಿಗೆ ಅದನ್ನು ಕಲಿಸಲು ಎಷ್ಟು ಒದ್ದಾಡುತ್ತಿದ್ದೆವು!

ಬೆಂಕಿಯ ಜಾಗದಲ್ಲಿ ಆಗಾಗ ಎಲ್ಲ ತಂಡಗಳನ್ನೂ ಕರೆದು ನಿಮ್ಮವರೆಲ್ಲ ಸರಿಯಾಗಿದ್ದಾರಾ, ಎಷ್ಟು ಜನ, ಎಲ್ಲಿದ್ದೀರಿ ಅಂತ ಹಾಜರಿ ತೆಗೆಯುತ್ತಾರೆ. ಹಮಾಲರ ಹುಡುಗನಿಗೆ ಆ ಘಳಿಗೆ ಬಂದರೆ ಜೀವ ಹಿಡಿಯುತ್ತದೆ. ಎಲ್ಲರೂ ಉತ್ತರ ಕೊಟ್ಟ ಮೇಲೆ ಅವನು ಉಸಿರು ಬಿಡುವುದನ್ನು ನಾನು ನೋಡಿದ್ದೇನೆ. ಇದು ಮಜಾ ತಗೊಳ್ಳುವುದಾ? ಯಾರದೋ ಊರಿನ ಯಾರೋ ಬದುಕಿ ಬರಲಿ ಅಂತ ನಮ್ಮ ಓಣಿಯ ಹುಡುಗ ಕಾಯುತ್ತಾನೆ. ಈ ಮಕ್ಕಳಿಗೆ ಖುಷಿ ಕೊಡುವುದು ಬೆಂಕಿಯಲ್ಲ. ಗಾಬರಿಯ ನಡುವೆ ಗಾಬರಿಯಾಗದೆ ಕೆಲಸ ಮಾಡುವವರ ದನಿ ಅವರಿಗೆ ಖುಷಿ. ಮನೆಯಲ್ಲಿ, ಟಿವಿಯಲ್ಲಿ, ರಸ್ತೆಯಲ್ಲಿ ಎಲ್ಲಾ ಕಡೆ ಕೂಗಾಟವನ್ನೇ ಕೇಳಿ ಬೆಳೆಯುವ ಮಕ್ಕಳಿಗೆ ಅಂಥ ದನಿ ಇಷ್ಟವಾಗಿದ್ದರೆ ಅದರಲ್ಲಿ ತಪ್ಪೇನು?

ಇನ್ನು ಎರಡನೇ ಸಂಗತಿ. ಇಲ್ಲಿ ನಾನು ಆ ಓದುಗರ ಪರ.

ಅಮೆರಿಕದಲ್ಲಿ ಮನೆಯಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಕೇಳುವುದಕ್ಕೆ ಒಟ್ಟಾರೆ ಅಡ್ಡಿಯಿಲ್ಲ. ಕೆಲವು ರಾಜ್ಯಗಳಲ್ಲಿ ಮಾತ್ರ ಕಾರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಲ್ಲೂ ಈಗ ಬಾಗಿಲು ಮುಚ್ಚುತ್ತಿದೆ. ನ್ಯೂಯಾರ್ಕ್ ಪೊಲೀಸರು 2023ರಿಂದ ತಮ್ಮ ಮಾತನ್ನು ಹೊರಗಿನವರಿಗೆ ತಿಳಿಯದ ಹಾಗೆ ಗುಪ್ತಗೊಳಿಸತೊಡಗಿದ್ದಾರೆ. ಬ್ರಿಟನ್ನಿನಲ್ಲಿ ಮೊದಲಿಂದಲೂ ಇದಕ್ಕೆ ಅವಕಾಶವಿಲ್ಲ. ನಮ್ಮ ದೇಶದಲ್ಲಂತೂ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದ ಲೈಸೆನ್ಸ್ ಇಲ್ಲದೆ ಇಂಥ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧ. ಈಗ ದೂರಸಂಪರ್ಕ ಕಾಯ್ದೆ 2023 ಬಂದಿದೆ. ಅನುಮತಿ ಇಲ್ಲದೆ ಇನ್ನೊಬ್ಬರ ಸಂದೇಶ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಂದೆ ತಾಯಿ ಈ ಸಾಲನ್ನು ಮಕ್ಕಳಿಗೆ ಓದಿ ಹೇಳಲಿ.

ಆದರೆ ಬರೀ ಕಾನೂನು ಹೇಳಿದರೆ ಹದಿನೈದರ ವಯಸ್ಸಿಗೆ ಸಾಕಾಗುವುದಿಲ್ಲ. ಯಾಕೆ ಅಂತಲೂ ಹೇಳಬೇಕು. ಕಂಟ್ರೋಲ್ ರೂಮಿಗೆ ರಾತ್ರಿ ಬರುವ ಮಾತು ಎಂಥವು ಅಂತ ನಾನು ಹೇಳುತ್ತೇನೆ. ಇಂಥ ಊರಿನ ಇಂಥವರ ಮಗಳು ಕಾಲೇಜಿಗೆ ಹೋದವಳು ಮನೆಗೆ ಬಂದಿಲ್ಲ, ವಯಸ್ಸು ಇಷ್ಟು, ಚೂಡಿದಾರದ ಬಣ್ಣ ಇದು. ಇಂಥ ಹೊಲದಲ್ಲಿ ಒಬ್ಬರು ಕ್ರಿಮಿನಾಶಕ ಕುಡಿದಿದ್ದಾರೆ. ರೈಲು ಹಳಿ ಮೇಲೆ ಒಂದು ದೇಹ ಇದೆ, ಜೇಬಿನಲ್ಲಿ ಸಿಕ್ಕ ಚೀಟಿಯಲ್ಲಿ ಈ ಹೆಸರಿದೆ. ಪೊಲೀಸಿನವರು ಆ ಮನೆಗೆ ಹೋಗಿ, ಹಿರಿಯರನ್ನು ಹೊರಗೆ ಕರೆದು, ಮೆಲ್ಲಗೆ ತಿಳಿಸಬೇಕಾದ ಸುದ್ದಿ ಅದು. ಅವರು ಹೋಗಿ ಮುಟ್ಟುವ ಮೊದಲೇ ವಾಟ್ಸಾಪಿನಲ್ಲಿ ಹರಿದಾಡಿದರೆ ಆ ತಾಯಿಯ ಗತಿ ಏನು? ಆ ಹುಡುಗಿ ಬೆಳಿಗ್ಗೆ ಸುಮ್ನೆ ಗೆಳತಿಯ ಮನೆಯಿಂದ ವಾಪಸ್ ಬಂದಿರುತ್ತಾಳೆ, ಆದರೆ ಊರ ಬಾಯಿಗೆ ಬಿದ್ದ ಹೆಸರು ವಾಪಸ್ ಬರುವುದಿಲ್ಲ. ಇದನ್ನು ನಮ್ಮ ಓಣಿಯ ಮಕ್ಕಳಿಗೆ ಹೇಳಿದಾಗ ಮೂವರೂ ಸುಮ್ಮನಾದರು. ಆಮೇಲೆ ಆ ಹುಡುಗಿಯೇ, "ನಮ್ಮ ಮನಿ ಸುದ್ದಿ ಹಂಗ ಯಾರಾರ ಕೇಳಿದ್ರ ನನಗೂ ಸೇರಂಗಿಲ್ರಿ" ಅಂದಳು.

ಕೇಳುವುದಕ್ಕಿಂತ ದೊಡ್ಡ ಅಪಾಯ ಸೆಟ್ಟಿನಲ್ಲಿ ಮಾತಾಡುವ ಗುಂಡಿ ಒತ್ತುವುದರಲ್ಲಿದೆ. ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ವೈರ್‌ಲೆಸ್‌ನಲ್ಲಿ ಹಾಗಲ್ಲ. ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದ ಎಲ್ಲ ಸ್ಟೇಷನ್ನುಗಳೂ ಕೇಳಬೇಕು. ಗುಡ್ಡದ ಮೇಲಿನ ರಿಪೀಟರು ಆ ಒಬ್ಬರ ದನಿಯನ್ನು ಹಿಡಿದು ದೂರದವರಿಗೆ ಮತ್ತೆ ಕಳಿಸುತ್ತದೆ. ಯಾರೋ ಒಬ್ಬರು ಗುಂಡಿ ಒತ್ತಿ ಹಿಡಿದರೆ ಆ ಚಾನೆಲ್ ಅವರ ಪಾಲಾಯಿತು. ಕೆಲವೊಮ್ಮೆ ಜೀಪಿನಲ್ಲಿ ಕೂತವರ ತೊಡೆಯ ಕೆಳಗೆ ಹ್ಯಾಂಡ್‌ಸೆಟ್ ಸಿಕ್ಕಿ ಗುಂಡಿ ಒತ್ತಿಕೊಳ್ಳುತ್ತಿತ್ತು. ಜೀಪಿನ ಇಂಜಿನ್ ಸದ್ದು, ಡ್ರೈವರಿನ ಮಾತು ಎಲ್ಲರಿಗೂ ಕೇಳುತ್ತಿತ್ತು. ನಾವು ಎಷ್ಟು ಕೂಗಿದರೂ ಅವರಿಗೆ ಮಾತ್ರ ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಬೇರೆ ಯಾವ ಸ್ಟೇಷನ್ನಿನವರು ಅಪಘಾತ ಅಂತ ಒದರಿದರೂ ನಮಗೆ ಮುಟ್ಟುತ್ತಿರಲಿಲ್ಲ. ತರಬೇತಿ ಆದವರ ಕೈಯಲ್ಲೇ ಹೀಗಾದರೆ, ಆಟಕ್ಕೆ ತರಿಸಿದ ಅಗ್ಗದ ಸೆಟ್ಟಿನಲ್ಲಿ ಒಂದು ಹುಡುಗ "ಹಲೋ ಹಲೋ" ಅಂತ ಒತ್ತಿದರೆ ಏನಾಗಬಹುದು ಅಂತ ಯೋಚಿಸಿ.

ಅಂಥ ಸೆಟ್ಟುಗಳನ್ನು ಯಾವ ಎಚ್ಚರಿಕೆಯೂ ಇಲ್ಲದೆ ಮಾರುತ್ತಿದ್ದರು ಅನ್ನುವುದೂ ನಿಜ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ಮಾರ್ಗಸೂಚಿ ಹೊರಡಿಸಿತು. ಲೈಸೆನ್ಸ್ ಬೇಕೋ ಬೇಡವೋ, ಯಾವ ಫ್ರೀಕ್ವೆನ್ಸಿ ಅನ್ನುವುದನ್ನು ಸ್ಪಷ್ಟವಾಗಿ ಹೇಳಬೇಕು ಅಂತ ಅದರ ಸಾರ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್ಟು ಮಾತ್ರ. ಜಾತ್ರೆಯಲ್ಲಿ, ಹೊಲದಲ್ಲಿ ಮಾತಾಡಿಕೊಳ್ಳಲು ಅದು ಸಾಕು. ಅದರಿಂದ ಪೊಲೀಸರ ಮಾತು ಕೇಳುವುದಿಲ್ಲ, ಅವರಿಗೆ ತೊಂದರೆಯೂ ಆಗುವುದಿಲ್ಲ. ಮಗ ಹಟ ಹಿಡಿದ ಅಂತ ಕಣ್ಣು ಮುಚ್ಚಿ ಬೇರೆ ಸೆಟ್ಟು ತರಿಸಿಕೊಡಬೇಡಿ.

ಹಾಗಾದರೆ ಈ ಮಕ್ಕಳ ಆಸೆ ಏನು ಮಾಡಬೇಕು? ಇದಕ್ಕೊಂದು ದಾರಿ ನಮ್ಮ ದೇಶದಲ್ಲೇ ಇದೆ, ಸರ್ಕಾರವೇ ಮಾಡಿಟ್ಟಿದೆ. ಹ್ಯಾಮ್ ರೇಡಿಯೊ. ನಮ್ಮ ಜಿಲ್ಲೆಯಲ್ಲಿ ಇದರ ಹೆಸರು ಹೇಳಿದರೆ ಎಫ್‌ಎಂ ಸ್ಟೇಷನ್ ಅಂದುಕೊಳ್ಳುವವರೇ ಜಾಸ್ತಿ. ಇದು ಹವ್ಯಾಸಿಗಳು ಲೈಸೆನ್ಸ್ ಪಡೆದು ತಮ್ಮದೇ ಸೆಟ್ಟಿನಿಂದ ಮಾತಾಡುವ ವ್ಯವಸ್ಥೆ. 12 ವರ್ಷ ತುಂಬಿದ ಮಗು ಪರೀಕ್ಷೆಗೆ ಕೂರಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಈ ಪರೀಕ್ಷೆ ನಡೆಸುತ್ತದೆ. ಎರಡು ದರ್ಜೆ ಇವೆ. ರೆಸ್ಟ್ರಿಕ್ಟೆಡ್ ಅನ್ನುವುದಕ್ಕೆ ಎಲೆಕ್ಟ್ರಾನಿಕ್ಸ್ ಮೂಲಪಾಠ ಮತ್ತು ರೇಡಿಯೊ ನಿಯಮ ಗೊತ್ತಿರಬೇಕು. ಜನರಲ್ ಅನ್ನುವುದಕ್ಕೆ ಇವುಗಳ ಜೊತೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮಾರ್ಸ್ ಕೂಡ ಬರಬೇಕು. ಪಾಸಾದರೆ ವಿಯು3 ಅಥವಾ ವಿಯು2 ಅಂತ ಶುರುವಾಗುವ ಕಾಲ್ ಸೈನ್, ಅಂದರೆ ವೈರ್‌ಲೆಸ್‌ನಲ್ಲಿ ಕರೆಯುವ ಗುರುತು, ಸಿಗುತ್ತದೆ. ಅದು ಆ ಮಗುವಿನದು ಮಾತ್ರ, ಪ್ರಪಂಚದಲ್ಲಿ ಇನ್ನೊಬ್ಬರಿಗೆ ಇರುವುದಿಲ್ಲ.

ಓಮ್‌ನ ನಿಯಮ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಹಮಾಲರ ಹುಡುಗ ಅದನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ. ನನ್ನ ಮನೆಯಲ್ಲಿ ಹಳೇ ಬ್ಯಾಟರಿ, ಒಂದು ಮೀಟರು, ನಾಲ್ಕು ರೆಸಿಸ್ಟರ್ ಇಟ್ಟುಕೊಂಡು ಅಳೆದು ತೋರಿಸಿದಾಗ, ಲೆಕ್ಕದಲ್ಲಿ ಬಂದ ಅಂಕಿಯೇ ಮೀಟರಿನಲ್ಲೂ ಬಂದದ್ದು ನೋಡಿ ಮೂರು ಸಲ ಮತ್ತೆ ಮತ್ತೆ ಅಳೆದ. ಈಗ ಅವನಿಗೆ ಆಂಟೆನಾದ ಉದ್ದ ಲೆಕ್ಕ ಹಾಕುವುದು ಹೇಗೆ ಅನ್ನುವ ಚಿಂತೆ. 145 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 2 ಮೀಟರ್, ಅದರ ಕಾಲು ಭಾಗ ಅರ್ಧ ಮೀಟರ್. ಅರ್ಧ ಮೀಟರ್ ತಂತಿಯಲ್ಲಿ ಇಷ್ಟೆಲ್ಲಾ ಇದೆಯಾ ಅಂತ ಅವನು ಕೇಳಿದ ರೀತಿ ನನಗೆ ಬಹಳ ಹಿಡಿಸಿತು.

ಲೈಸೆನ್ಸ್ ಬರುವ ತನಕ ಕೇಳಲು ಏನೂ ಇಲ್ಲ ಅಂತಲ್ಲ. ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 2008ರಿಂದ ತಮ್ಮ ರೇಡಿಯೊವನ್ನೇ ಇಂಟರ್‌ನೆಟ್ಟಿಗೆ ಜೋಡಿಸಿ ಇಟ್ಟಿದ್ದಾರೆ. ರಾಯಚೂರಿನಲ್ಲಿ ಕೂತು ಅದರ ಮುಳ್ಳು ತಿರುಗಿಸಿ ಯುರೋಪಿನ ಹ್ಯಾಮ್‌ಗಳ ಮಾತು, ಮಾರ್ಸ್ ಸದ್ದು ಕೇಳಬಹುದು. ದುಡ್ಡಿಲ್ಲ, ಕದ್ದು ಕೇಳುವುದಿಲ್ಲ. ಮಾತಾಡುವವರಿಗೆ ಎಲ್ಲರೂ ಕೇಳಲಿ ಅನ್ನುವ ಆಸೆಯೇ ಇರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ಸೆಟ್ಟಿದೆ. 2025ರ ಜುಲೈನಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಂದಲೇ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರು. ಆ ಮಕ್ಕಳ ಸಾಲಿನಲ್ಲಿ ಒಂದು ದಿನ ಸಿಂಧನೂರಿನದ್ದೋ ಮಾನ್ವಿಯದ್ದೋ ಮಗು ಇರಬಾರದೇ?

ಇದು ಬರೀ ಹವ್ಯಾಸದ ಮಾತಲ್ಲ. ನಮ್ಮದು ಎರಡು ಹೊಳೆಗಳ ನಡುವಿನ ಜಿಲ್ಲೆ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನೋಡಿದವರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಆಗ ನಾನು ಹೊಳೆ ದಂಡೆಯ ಒಂದು ಠಾಣೆಗೆ ಡ್ಯೂಟಿ ಮೇಲೆ ಹೋಗಿದ್ದೆ. ಕರೆಂಟು ಹೋಯಿತು. ಮೊಬೈಲ್ ಟವರುಗಳ ಬ್ಯಾಟರಿ ಮುಗಿದು ಒಂದೊಂದೇ ಸತ್ತವು. ಲ್ಯಾಂಡ್‌ಲೈನ್ ಮೊದಲೇ ನೀರು ಪಾಲು. ಉಳಿದದ್ದು ನಮ್ಮ ವಿಎಚ್‌ಎಫ್ ವೈರ್‌ಲೆಸ್ ಸೆಟ್ಟು ಒಂದೇ. ಅದು 12 ವೋಲ್ಟಿನಲ್ಲಿ ಓಡುವಂಥದ್ದು. ಠಾಣೆಯ ಬ್ಯಾಟರಿ ಇಳಿದಾಗ ಊರಿನ ಒಬ್ಬ ರೈತರು ತಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಬಂದು ಕೊಟ್ಟರು. ಎರಡು ತಂತಿ ಕಚ್ಚಿಸಿದೆ, ಸೆಟ್ಟಿಗೆ ಮತ್ತೆ ಜೀವ ಬಂತು. ಆ ರಾತ್ರಿ ಆ ಬ್ಯಾಟರಿಯ ಮೇಲೆಯೇ ದೋಣಿ ಎಲ್ಲಿಗೆ ಹೋಗಬೇಕು, ಯಾವ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ, ಎಲ್ಲಿ ಬಾಣಂತಿ ಇದ್ದಾಳೆ ಅನ್ನುವ ಮಾತು ಹೋದವು, ಬಂದವು.

ಅಲ್ಲಿ ಒಂದು ಸಣ್ಣ ಸಂಗತಿ ಎಷ್ಟು ದೊಡ್ಡದಾಗುತ್ತದೆ ಅಂತ ಹೇಳುತ್ತೇನೆ. ಗುಂಡಿ ಒತ್ತಿದ ತಕ್ಷಣ ಮಾತು ಶುರು ಮಾಡಿದರೆ ಮೊದಲ ಅಕ್ಷರಗಳು ಆ ತುದಿಗೆ ಮುಟ್ಟುವುದಿಲ್ಲ. ರಿಪೀಟರು ಎದ್ದು ಹಿಡಿಯಲು ಒಂದು ಕ್ಷಣ ಬೇಕು. ಒತ್ತಿ, ಒಂದು ಉಸಿರು ನಿಂತು, ಆಮೇಲೆ ಮಾತಾಡಬೇಕು. ಮಾನ್ವಿ ಕಡೆ ಹಿರೇಕೊಟ್ನೆಕಲ್ ಇದೆ, ಚಿಕ್ಕಕೊಟ್ನೆಕಲ್ಲೂ ಇದೆ. ಮೊದಲ ಎರಡು ಅಕ್ಷರ ನುಂಗಿಹೋದರೆ ಆ ತುದಿಯವನಿಗೆ ಬರೀ ಕೊಟ್ನೆಕಲ್. ದೋಣಿ ಎಲ್ಲಿಗೆ ಕಳಿಸಬೇಕು? ಹಿರೇ, ಚಿಕ್ಕ ಅಂತ ಜೋಡಿ ಊರುಗಳು ನಮ್ಮ ಕಡೆ ಎಷ್ಟಿವೆ ಯೋಚಿಸಿ. ಅದಕ್ಕೇ ಊರ ಹೆಸರು ಎರಡು ಸಲ ಹೇಳಿಸುತ್ತಿದ್ದೆವು, ಆ ಕಡೆಯವರಿಂದ ವಾಪಸ್ ಹೇಳಿಸಿಕೊಳ್ಳುತ್ತಿದ್ದೆವು. ನಮ್ಮ ಓಣಿಯ ಮಕ್ಕಳು ಇದನ್ನು ಅಮೆರಿಕದವರ ಮಾತು ಕೇಳಿಯೇ ಗಮನಿಸಿದ್ದಾರೆ. ಅಲ್ಲೂ ವಿಳಾಸ ಎರಡು ಸಲ ಹೇಳುತ್ತಾರೆ, ಗಾಡಿಯವನು ತಿರುಗಿ ಒಪ್ಪಿಸುತ್ತಾನೆ.

ಇದರ ಉಪಯೋಗ ಮನೆಯಲ್ಲೂ ಇದೆ. 112ಕ್ಕೋ 108ಕ್ಕೋ ಫೋನು ಮಾಡಿದಾಗ ನಮ್ಮ ಜನ ಮೊದಲು ಅಳುತ್ತಾರೆ, ಆಮೇಲೆ "ಬೇಗ ಬರ್ರಿ" ಅನ್ನುತ್ತಾರೆ, ಎಲ್ಲಿಗೆ ಅನ್ನುವುದು ಕೊನೆಗೆ. ಎಲ್ಲಿ ಅಂದರೆ "ಹನುಮಪ್ಪನ ಗುಡಿ ಹತ್ರ". ಹನುಮಪ್ಪನ ಗುಡಿ ಇಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಮೊದಲು ತಾಲ್ಲೂಕು, ಆಮೇಲೆ ಊರು, ಆಮೇಲೆ ಗುರುತು. ಏನಾಗಿದೆ, ಎಷ್ಟು ಜನಕ್ಕೆ. ಆ ಕಡೆಯವರು ಇಡಿ ಅನ್ನುವ ತನಕ ಫೋನು ಇಡಬಾರದು. ಆ ಹುಡುಗಿ ಇದನ್ನು ತನ್ನ ಅಜ್ಜಿಗೂ ಹೇಳಿಕೊಟ್ಟಿದ್ದಾಳೆ, ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದಾಳೆ.

ಇನ್ನೊಂದು ರಾತ್ರಿಯ ಮಾತು. 2024ರ ಆಗಸ್ಟ್ 10. ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಅಡ್ಡಗೇಟು ಇಳಿಸಿ ನೀರು ತಡೆಯುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವಾರವಾಯಿತು. ಆ ಸುದ್ದಿ ಬಂದಾಗ ಹೊಳೆ ಪಕ್ಕದ ಊರುಗಳ ನಮ್ಮ ನೆಂಟರು "ಡ್ಯಾಂ ಒಡದೈತಂತ, ಮನಿ ಬಿಡಬೇಕಂತ" ಅಂತ ಒಬ್ಬರ ಮೇಲೊಬ್ಬರು ಫೋನು ಮಾಡಿದರು. ಈ ಮಕ್ಕಳು ನನ್ನ ಬಾಗಿಲಿಗೆ ಬಂದರು. ಪಿಯುಸಿ ಹುಡುಗ ಕೇಳಿದ್ದು ಒಂದೇ: "ಇದನ್ನ ಹೇಳಿದವ್ರು ನಿಂತು ನೋಡಿ ಹೇಳ್ಯಾರೋ, ಯಾರೋ ಹೇಳಿದ್ದು ಕೇಳಿ ಹೇಳ್ಯಾರೋ ತಾತಾ?" ಗೇಟು ಹೋಗುವುದು ಬೇರೆ, ಅಣೆಕಟ್ಟು ಒಡೆಯುವುದು ಬೇರೆ ಅಂತ ತಂಗಿ ಅಣ್ಣನಿಗೆ ಬಿಡಿಸಿ ಹೇಳುತ್ತಿದ್ದಳು. ಜಿಲ್ಲಾಡಳಿತ ಏನು ಹೇಳುತ್ತದೆ ಅಂತ ಕಾದು, ಅಷ್ಟನ್ನೇ ನೆಂಟರಿಗೆ ಹೇಳಿದರು. ದೊಡ್ಡವರು ಓಡಾಡುತ್ತಿದ್ದ ಆ ಹೊತ್ತಿನಲ್ಲಿ ಮಕ್ಕಳು ಹೀಗೆ ಯೋಚಿಸಿದ್ದು ನೋಡಿ ನನಗೆ ಹೆಮ್ಮೆಯಾಯಿತು. ಮಾಳಿಗೆ ಮೇಲೆ ಕೂತು ಕೇಳಿದ್ದು ಅವರಿಗೆ ಅಂದು ಕೆಲಸಕ್ಕೆ ಬಂತು.

ಕಷ್ಟ ಬಂದಾಗ ಹ್ಯಾಮ್‌ಗಳು ಏನು ಮಾಡಬಲ್ಲರು ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡ, ಭಾರತಿ ಪ್ರಸಾದ್ ಅವರ ಮುಂದಾಳತ್ವದಲ್ಲಿ, ಹವ್ಯಾಸಕ್ಕೆ ಅಂತಲೇ ಅಂಡಮಾನಿಗೆ ಹೋಗಿತ್ತು. ದ್ವೀಪದ ಸಂಪರ್ಕ ಕಡಿದುಹೋದಾಗ ಅವರ ಸೆಟ್ಟುಗಳಿಂದಲೇ ಬದುಕಿದವರ ಸುದ್ದಿ ಮನೆಗಳಿಗೆ ಮುಟ್ಟಿತು. ರಾಯಚೂರಿನಿಂದ ಹೈದರಾಬಾದು ಎಷ್ಟು ದೂರ? ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.

ಆದರೂ ಪರೀಕ್ಷೆಗೆ ಅಂತ ಬಡವರ ಮಕ್ಕಳು ಬೆಂಗಳೂರು, ಹೈದರಾಬಾದಿನ ಕಡೆ ಮುಖ ಮಾಡಬೇಕು ಅನ್ನುವುದು ನನಗೆ ನೋವು ತರುತ್ತದೆ. ಹಮಾಲರ ಹುಡುಗನ ಜೊತೆ ಒಬ್ಬ ದೊಡ್ಡವರು ಹೋಗಬೇಕು. ಆ ದಿನದ ಕೂಲಿ ಹೋಯಿತು, ಇಬ್ಬರ ಟಿಕೆಟ್ಟು, ಊಟ, ಉಳಿಯುವ ಜಾಗ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರು ಜಿಲ್ಲೆಗೆ ಸೇರಿ ವರ್ಷಕ್ಕೆ ಒಂದು ಸಲ ಇಲ್ಲೇ ಪರೀಕ್ಷೆ ನಡೆಸಿದರೆ ಎಷ್ಟೋ ಮಕ್ಕಳು ಕೂರುತ್ತಾರೆ. ಸಂಸದರು ಇದನ್ನು ದೂರಸಂಪರ್ಕ ಇಲಾಖೆಯ ಮುಂದೆ ಇಡಬೇಕು. ನಮ್ಮ ಊರಿಗೆ ಐಐಐಟಿ ಬಂದಿದೆ. ಅಲ್ಲಿಯ ಮೇಷ್ಟ್ರುಗಳು ಮನಸ್ಸು ಮಾಡಿದರೆ ಒಂದು ಹ್ಯಾಮ್ ಕ್ಲಬ್ ಸ್ಟೇಷನ್ ಹಾಕಿ, ತಿಂಗಳಿಗೆ ಒಂದು ಭಾನುವಾರ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಬಾಗಿಲು ತೆಗೆಯಬಹುದು. ಹೊಳೆ ಬಂದಾಗ ಜಿಲ್ಲಾಧಿಕಾರಿಗಳಿಗೂ ಅದು ಆಸರೆ.

ಮಕ್ಕಳ ಕೈಗೆ ಸಿಗುವ ಓದುವ ಸಾಮಗ್ರಿ ಹೆಚ್ಚಿನದು ಇಂಗ್ಲಿಷಿನಲ್ಲಿದೆ. ಈ ಮೂವರಿಗಾಗಿ ನಾನು ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಶಾಲೆಯವರು ಕೇಳಿದರೂ ಝೆರಾಕ್ಸ್ ಮಾಡಿಸಿ ಕೊಡಲು ತಯಾರಿದ್ದೇನೆ.

ಅಗ್ನಿಶಾಮಕ ಠಾಣೆಯವರಿಗೂ ಒಂದು ವಿನಂತಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಮಾಡುತ್ತೀರಿ. ಶಾಲೆಗಳಿಗೆ ರಜೆ ಇರುವ ಸಮಯ. ಇಂಥ ಮಕ್ಕಳನ್ನು ಕರೆದು ಗಾಡಿ ಹತ್ತಿಸಿ, ಕರೆ ಬಂದಾಗ ಬರೆದುಕೊಳ್ಳುವ ಪುಸ್ತಕ ತೋರಿಸಿ. ಅಮೆರಿಕದ ಎಷ್ಟೋ ಊರುಗಳಲ್ಲಿ ಹದಿಹರೆಯದವರನ್ನು ಜೂನಿಯರ್ ಫೈರ್‌ಫೈಟರ್ ಅಂತ ಸೇರಿಸಿಕೊಂಡು ಕಲಿಸುತ್ತಾರೆ. ಬೆಂಕಿಯ ಹತ್ತಿರ ಬಿಡುವುದಿಲ್ಲ, ಠಾಣೆಯ ಕೆಲಸ ಕಲಿಸುತ್ತಾರೆ. ನಾವು ವರ್ಷಕ್ಕೆ ಒಂದು ವಾರವಾದರೂ ಮಾಡಬಹುದು ಅಲ್ವಾ?

ತಂದೆ ತಾಯಂದಿರೇ, ಮಗು ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು ಏನೋ ಬರೆಯುತ್ತಾ ಕೂತಿದ್ದರೆ ಮೊಬೈಲ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ಒಂದು ಸಲ ಕೇಳಿ. ಏನು ಬರೆದಿದ್ದೀಯ ತೋರಿಸು ಅನ್ನಿ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಒಂದೇ. ಹ್ಯಾಮ್ ಪರೀಕ್ಷೆಯ ಪ್ರಕಟಣೆ ಇಲಾಖೆಯ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಬಂದು ಹಾಗೇ ಮುಗಿದು ಹೋಗುತ್ತದೆ. ಮುಂದಿನ ಸಲ ಬಂದಾಗ ನಿಮ್ಮ ಜಿಲ್ಲಾ ಪುಟದಲ್ಲಿ ಕೊನೆಯ ತಾರೀಖು, ಶುಲ್ಕ, ಅರ್ಜಿ ಹಾಕುವ ಬಗೆ ಇಷ್ಟನ್ನು ಕನ್ನಡದಲ್ಲಿ ಹಾಕಿ. ನಮ್ಮ ಓಣಿಯಿಂದ ಮೂವರು ಅರ್ಜಿ ಹಾಕುತ್ತಾರೆ.

ಇಂತಿ ನಿಮ್ಮ ಓದುಗ,
ನಿವೃತ್ತ ಪೊಲೀಸ್ ವೈರ್‌ಲೆಸ್ ಸಿಬ್ಬಂದಿ, ರಾಯಚೂರು